‘ಎಲುಬಿನ ವಂಶ’ ಮತ್ತು ವೈ-ವರ್ಣತಂತು: ಟಿಬೆಟಿಯನ್ನರ ಪಿತೃವಂಶದ ಇತಿಹಾಸ – ಒಂದು ಪರಿಶೀಲನೆ

ಪೀಠಿಕೆ

ಒಂದು ಜನಸಮುದಾಯದ ಮೂಲವನ್ನು ಅರಿಯಲು ಇತಿಹಾಸಕಾರರು ಬಹುಕಾಲದಿಂದ ಆಶ್ರಯಿಸಿರುವ ಆಕರಗಳೆಂದರೆ ಶಾಸನ, ವಂಶಾವಳಿ, ಐತಿಹ್ಯ, ಭಾಷೆ ಹಾಗೂ ಉತ್ಖನನದಲ್ಲಿ ದೊರೆತ ಅವಶೇಷಗಳು. ಕಳೆದ ಮೂರು ದಶಕಗಳಲ್ಲಿ ಇವುಗಳ ಸಾಲಿಗೆ ಮತ್ತೊಂದು ಆಕರ ಸೇರಿದೆ. ಅದು ಜೀವಂತ ಮನುಷ್ಯರ ರಕ್ತದಲ್ಲಿಯೂ ಪ್ರಾಚೀನ ಎಲುಬುಗಳಲ್ಲಿಯೂ ಉಳಿದುಬಂದಿರುವ ಡಿ.ಎನ್.ಎ. ಲಿಖಿತ ದಾಖಲೆಗಳಿಲ್ಲದ ಕಾಲದ ಬಗೆಗೆ ಮಾತನಾಡಬಲ್ಲುದಾದ್ದರಿಂದ ಈ ಆಕರವು ವಿದ್ವಾಂಸರ ಗಮನವನ್ನು ಬಹುಬೇಗ ಸೆಳೆಯಿತು. ಆದರೆ ಯಾವುದೇ ಆಕರದಂತೆ ಇದಕ್ಕೂ ತನ್ನದೇ ಆದ ವ್ಯಾಪ್ತಿ ಮತ್ತು ಮಿತಿಗಳಿವೆ. ಆಕರ ವಿಮರ್ಶೆಯಿಲ್ಲದೆ ಶಾಸನವನ್ನು ಹೇಗೆ ಒಪ್ಪಲಾಗದೋ ಹಾಗೆಯೇ ಇದನ್ನೂ ಒಪ್ಪಲಾಗದು.

ಈ ಆಕರದ ಬಲ ಮತ್ತು ಮಿತಿ ಎರಡನ್ನೂ ಸ್ಪಷ್ಟವಾಗಿ ತೋರಿಸಬಲ್ಲ ನಿದರ್ಶನಗಳಲ್ಲಿ ಟಿಬೆಟಿಯನ್ನರ ಪಿತೃವಂಶದ ಪ್ರಶ್ನೆಯೂ ಒಂದು. ಟಿಬೆಟಿನ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿ ‘ಡಿ’ ಎಂದು ಹೆಸರಿಸಲಾಗಿರುವ ಪಿತೃವಂಶಕ್ಕೆ ಸೇರಿದವರು. ಈ ವಂಶವು ಟಿಬೆಟಿನ ಹೊರಗೆ ಗಣನೀಯ ಪ್ರಮಾಣದಲ್ಲಿ ಕಂಡುಬರುವುದು ಪ್ರಧಾನವಾಗಿ ಜಪಾನ್ ಮತ್ತು ಅಂಡಮಾನ್ ದ್ವೀಪಗಳಲ್ಲಿ. ಪರಸ್ಪರ ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಈ ಮೂರು ನೆಲೆಗಳನ್ನು ಒಂದು ತಂದೆಯ ಸಂತತಿ ಬೆಸೆದಿರುವುದು ಹೇಗೆ, ಅದರಿಂದ ಟಿಬೆಟಿನ ಇತಿಹಾಸಕ್ಕೆ ದೊರೆಯುವ ಬೆಳಕೆಷ್ಟು, ಅದು ಯಾವ ಪ್ರಶ್ನೆಗಳಿಗೆ ಉತ್ತರಿಸಲಾರದು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಟಿಬೆಟಿನ ಪರಂಪರೆಯಲ್ಲಿ ಪಿತೃವಂಶದ ಕಲ್ಪನೆ

ಪಿತೃವಂಶವೆಂಬುದು ಟಿಬೆಟಿಗೆ ತಳಿವಿಜ್ಞಾನಿಗಳು ಹೊರಗಿನಿಂದ ತಂದ ಕಲ್ಪನೆಯಲ್ಲ. ಟಿಬೆಟಿಯನ್ ಭಾಷೆಯಲ್ಲಿ ಕುಲವನ್ನು ಸೂಚಿಸುವ ‘ರುಸ್’ ಎಂಬ ಶಬ್ದಕ್ಕೆ ‘ಎಲುಬು’ ಎಂದೇ ಅರ್ಥ. ಮಗುವಿನ ಎಲುಬು ತಂದೆಯಿಂದಲೂ ಮಾಂಸ-ರಕ್ತಗಳು ತಾಯಿಯಿಂದಲೂ ಬರುತ್ತವೆ ಎಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ತಂದೆಯ ಕಡೆಯ ಬಂಧುಗಳು ‘ಎಲುಬಿನವರು’, ತಾಯಿಯ ಕಡೆಯವರು ‘ಮಾಂಸದವರು’. ಒಂದೇ ಎಲುಬಿನವರ ನಡುವೆ ವಿವಾಹ ನಿಷಿದ್ಧ. ಭಾರತೀಯ ವೈದ್ಯ ಪರಂಪರೆಯಲ್ಲಿಯೂ ಇಂಥದೇ ವಿಭಜನೆಯಿರುವುದು ಗಮನಾರ್ಹ. ಸುಶ್ರುತಸಂಹಿತೆಯ ಶಾರೀರಸ್ಥಾನವು ಅಸ್ಥಿ, ದಂತ, ನಖ, ಕೇಶ ಮೊದಲಾದ ಗಟ್ಟಿಯಾದ ಅಂಗಗಳನ್ನು ಪಿತೃಜವೆಂದೂ ಮಾಂಸ, ರಕ್ತ, ಮೇದಸ್ಸು ಮೊದಲಾದ ಮೃದು ಅಂಗಗಳನ್ನು ಮಾತೃಜವೆಂದೂ ಹೇಳುತ್ತದೆ. ಎಲುಬು-ಮಾಂಸಗಳ ಈ ವಿಭಜನೆ ಏಷ್ಯದ ಅನೇಕ ಸಮಾಜಗಳಲ್ಲಿ ಹರಡಿರುವುದನ್ನು ಕ್ಲಾಡ್ ಲೆವಿ-ಸ್ಟ್ರಾಸ್ 1949ರಷ್ಟು ಹಿಂದೆಯೇ ತಮ್ಮ ಬಂಧುತ್ವ ಅಧ್ಯಯನದಲ್ಲಿ ಚರ್ಚಿಸಿದ್ದರು.

ಟಿಬೆಟಿಯನ್ನರ ಮೂಲವನ್ನು ಕುರಿತ ಪ್ರಸಿದ್ಧ ಐತಿಹ್ಯವು ‘ಮಣಿ ಕಬುಂ’ ಎಂಬ ಸಂಕಲನದಲ್ಲಿಯೂ 14ನೆಯ ಶತಮಾನದಲ್ಲಿ ಸಾಕ್ಯದ ಸೋನಂ ಗ್ಯಾಲ್ತ್ಸೆನ್ ರಚಿಸಿದ ರಾಜವಂಶಾವಳಿಯಲ್ಲಿಯೂ ಬಂದಿದೆ. ಅದರಂತೆ ಅವಲೋಕಿತೇಶ್ವರನಿಂದ ದೀಕ್ಷೆ ಪಡೆದು ತಪಸ್ಸಿಗೆ ಕುಳಿತ ವಾನರನೊಬ್ಬನಿಗೂ ಬಂಡೆಯಲ್ಲಿ ವಾಸಿಸುತ್ತಿದ್ದ ರಾಕ್ಷಸಿಗೂ ಹುಟ್ಟಿದವರ ಸಂತತಿಯೇ ಟಿಬೆಟಿನ ಜನ. ಸೌಮ್ಯ ಸ್ವಭಾವದವರು ತಂದೆಯನ್ನು ಹೋಲುವವರೆಂದೂ ಉಗ್ರ ಸ್ವಭಾವದವರು ತಾಯಿಯನ್ನು ಹೋಲುವವರೆಂದೂ ಈ ಗ್ರಂಥಗಳು ವಿವರಿಸುತ್ತವೆ. ಈ ಸಂತತಿಯಿಂದ ಸೆ, ಮು, ದೋಂಗ್, ತೋಂಗ್ ಎಂಬ ನಾಲ್ಕು ಮೂಲಕುಲಗಳು ಕವಲೊಡೆದುವು. ಕೆಲವು ಪಾಠಗಳಲ್ಲಿ ಈ ಸಂಖ್ಯೆ ಆರಕ್ಕೆ ಏರುತ್ತದೆ. ಘಟನೆಯ ಸ್ಥಳವನ್ನು ಯಾರ್ಲುಂಗ್ ಕಣಿವೆಯ ತ್ಸೆತಾಂಗ್ ಎಂದು ಗುರುತಿಸಲಾಗಿದೆ. ಅದೇ ಕಣಿವೆಯಿಂದ 7ನೆಯ ಶತಮಾನದಲ್ಲಿ ಸೋಂಗ್‌ತ್ಸೆನ್ ಗಾಂಪೊ ಟಿಬೆಟಿನ ಸಾಮ್ರಾಜ್ಯವನ್ನು ಕಟ್ಟಿದನೆಂಬುದನ್ನು ನೆನೆದರೆ, ಜನದ ಮೂಲವನ್ನು ರಾಜಮನೆತನದ ನೆಲೆಯಲ್ಲಿಯೇ ನಿಲ್ಲಿಸುವ ಉದ್ದೇಶ ಸ್ಪಷ್ಟವಾಗುತ್ತದೆ. ಮುಂದಿನ ಬೌದ್ಧ ಇತಿಹಾಸಕಾರರು ಮೊದಲ ಅರಸನಾದ ನ್ಯಾತ್ರಿ ತ್ಸೆನ್‌ಪೊವನ್ನು ಮಹಾಭಾರತ ಯುದ್ಧದ ಕಾಲದಲ್ಲಿ ಹಿಮಾಲಯವನ್ನು ದಾಟಿ ಬಂದ ಭಾರತೀಯ ರಾಜವಂಶಕ್ಕೆ ಜೋಡಿಸಿದರು. ಹೀಗೆ ವಂಶಾವಳಿಯು ಸ್ಮರಣೆಯೊಂದಿಗೆ ಅಧಿಕಾರದ ಸಮರ್ಥನೆಯೂ ಆಗಿತ್ತು.

ಎಲುಬಿನ ತತ್ತ್ವವು ಧಾರ್ಮಿಕ ಸಂಸ್ಥೆಗಳಲ್ಲಿಯೂ ಕೆಲಸ ಮಾಡಿತು. 1073ರಲ್ಲಿ ಸ್ಥಾಪಿತವಾದ ಸಾಕ್ಯ ಮಠದ ಪೀಠವು ಖೋನ್ ಕುಲದೊಳಗೇ ಸಾಗಿಬಂದಿದೆ. ಇದಕ್ಕೆ ವಿರುದ್ಧವಾಗಿ ಕರ್ಮಪ ಮತ್ತು ದಲೈ ಲಾಮಾ ಪರಂಪರೆಗಳಲ್ಲಿ ಉತ್ತರಾಧಿಕಾರವು ಪುನರ್ಜನ್ಮದ ತತ್ತ್ವವನ್ನು ಅನುಸರಿಸುತ್ತದೆ. ಅಲ್ಲಿ ತಂದೆಯ ಎಲುಬಿಗೆ ಸ್ಥಾನವಿಲ್ಲ. ಲೌಕಿಕ ಬದುಕಿನಲ್ಲಿಯೂ ಎಲುಬು ಒಂದೇ ಆಧಾರವಾಗಿರಲಿಲ್ಲ. ಮಧ್ಯ ಟಿಬೆಟಿನ ಭೂಹಿಡುವಳಿದಾರರಲ್ಲಿ ಕುಲದ ಹೆಸರಿಗಿಂತ ಮನೆಯ ಹೆಸರೇ ಮುಖ್ಯವಾಯಿತು. ಗಂಡು ಸಂತಾನವಿಲ್ಲದ ಮನೆಯವರು ‘ಮಗ್ಪ’ ಎಂಬ ಮನೆಯಳಿಯನನ್ನು ತರುತ್ತಿದ್ದರು. ಅವನು ಹೆಂಡತಿಯ ಮನೆಯ ಹೆಸರನ್ನೇ ಧರಿಸುತ್ತಿದ್ದನು. ಇಂಥ ಸಂದರ್ಭದಲ್ಲಿ ಮನೆ ಮುಂದುವರಿಯುತ್ತದೆ, ಎಲುಬು ಬದಲಾಗುತ್ತದೆ. ಮುಂದೆ ಬರುವ ವಿವೇಚನೆಗೆ ಈ ವ್ಯತ್ಯಾಸ ಮುಖ್ಯವಾದುದು.

ವೈ-ವರ್ಣತಂತು: ಆಕರದ ಸ್ವರೂಪ

ಮನುಷ್ಯನ ಪ್ರತಿ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಇವುಗಳಲ್ಲಿ ವೈ-ವರ್ಣತಂತು ಪುರುಷರಲ್ಲಿ ಮಾತ್ರ ಇದ್ದು ತಂದೆಯಿಂದ ಮಗನಿಗೆ ಸಾಗುತ್ತದೆ. ಉಳಿದ ವರ್ಣತಂತುಗಳು ಪ್ರತಿ ತಲೆಮಾರಿನಲ್ಲಿಯೂ ತಮ್ಮ ಜೊತೆಯ ವರ್ಣತಂತುವಿನೊಡನೆ ಭಾಗಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ವೈ-ವರ್ಣತಂತುವಿನ ಬಹುಭಾಗಕ್ಕೆ ಇಂಥ ವಿನಿಮಯವಿಲ್ಲ. ಆದಕಾರಣ ಅದು ಹೆಚ್ಚುಕಡಿಮೆ ಇಡಿಯಾಗಿ ಮುಂದಿನ ತಲೆಮಾರಿಗೆ ದಾಟುತ್ತದೆ. ನಕಲಾಗುವಾಗ ಅಪರೂಪಕ್ಕೊಮ್ಮೆ ಒಂದು ಅಕ್ಷರ ಬದಲಾಗುತ್ತದೆ. ಹಸ್ತಪ್ರತಿಯೊಂದರ ಲಿಪಿಕಾರನು ಮಾಡಿದ ತಪ್ಪು ಆ ಪ್ರತಿಯಿಂದ ಇಳಿದ ಎಲ್ಲ ಪ್ರತಿಗಳಲ್ಲಿಯೂ ಉಳಿಯುವಂತೆ ಈ ಬದಲಾವಣೆಯೂ ಆ ಪುರುಷನ ಗಂಡು ಸಂತತಿಯಲ್ಲೆಲ್ಲ ಉಳಿಯುತ್ತದೆ. ಗ್ರಂಥಸಂಪಾದಕರು ಸಮಾನ ಸ್ಖಾಲಿತ್ಯಗಳ ಆಧಾರದಿಂದ ಪ್ರತಿಗಳ ವಂಶವೃಕ್ಷವನ್ನು ರಚಿಸುವ ರೀತಿಯಲ್ಲಿಯೇ ತಳಿವಿಜ್ಞಾನಿಗಳು ಪುರುಷರ ವಂಶವೃಕ್ಷವನ್ನು ರಚಿಸುತ್ತಾರೆ. ಒಂದೇ ಗುರುತನ್ನು ಹೊತ್ತ ಕವಲಿಗೆ ಅವರು ‘ಹ್ಯಾಪ್ಲೋಗ್ರೂಪ್’ ಎನ್ನುತ್ತಾರೆ. ಇಲ್ಲಿ ಅದನ್ನು ‘ವಂಶಗುಂಪು’ ಎಂದು ಕರೆಯಲಾಗಿದೆ.

2002ರಲ್ಲಿ ವೈ-ವರ್ಣತಂತು ಒಕ್ಕೂಟವೆಂಬ ವಿದ್ವಾಂಸರ ಸಮೂಹವು ಅದುವರೆಗೆ ಬಳಕೆಯಲ್ಲಿದ್ದ ಭಿನ್ನ ಹೆಸರುಗಳನ್ನು ಬದಿಗಿರಿಸಿ ‘ಎ’ಯಿಂದ ‘ಆರ್’ವರೆಗೆ 18 ಪ್ರಧಾನ ವಂಶಗುಂಪುಗಳ ಏಕರೂಪದ ಹೆಸರು ಪದ್ಧತಿಯನ್ನು ಪ್ರಕಟಿಸಿತು. ಹೊಸ ಕವಲುಗಳು ಪತ್ತೆಯಾದಂತೆಲ್ಲ ಉಪಗುಂಪುಗಳ ಹೆಸರುಗಳು ಅನೇಕ ಸಲ ಬದಲಾಗಿವೆ. ಮೊದಲಿಗೆ ‘ಡಿ2’ ಎನಿಸಿದ್ದ ಜಪಾನಿನ ಕವಲು ಮತ್ತು ‘ಡಿ3’ ಎನಿಸಿದ್ದ ಟಿಬೆಟಿನ ಕವಲು ಇಂದಿನ ಪಟ್ಟಿಗಳಲ್ಲಿ ಬೇರೆ ಹೆಸರುಗಳಿಂದ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಹಳೆಯ ಲೇಖನಗಳನ್ನು ಬಳಸುವ ಸಂಶೋಧಕರು ಕವಲಿನ ಹೆಸರನ್ನು ನೆಚ್ಚದೆ ಅದನ್ನು ನಿರ್ಧರಿಸಿದ ಗುರುತಿನ ಸಂಖ್ಯೆಯನ್ನು ಗಮನಿಸುವುದು ಅಗತ್ಯ. ‘ಡಿ’ ವಂಶಗುಂಪಿನ ನಿರ್ಣಾಯಕ ಗುರುತು ‘ಎಂ174’. ಟಿಬೆಟಿನಲ್ಲಿ ಕಾಣುವ ಅದರ ಎರಡು ಮುಖ್ಯ ಕವಲುಗಳ ಗುರುತುಗಳು ‘ಎಂ15’ ಮತ್ತು ‘ಪಿ47’. ಜಪಾನಿನ ಕವಲಿನ ಗುರುತು ‘ಎಂ55’.

‘ಡಿ’ ವಂಶದ ಶೋಧ ಮತ್ತು ಹಂಚಿಕೆ

‘ಡಿ’ ವಂಶದ ಶೋಧದ ಇತಿಹಾಸವು 1994ರಿಂದ ಆರಂಭವಾಗುತ್ತದೆ. ಆ ವರ್ಷ ಅಮೆರಿಕದ ಮೈಕೇಲ್ ಹ್ಯಾಮರ್ ಅವರು ವೈ-ವರ್ಣತಂತುವಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ ಸುಮಾರು 300 ಅಕ್ಷರಗಳಷ್ಟು ಉದ್ದದ ತುಣುಕೊಂದು ಸೇರಿಕೊಂಡಿರುವುದನ್ನು ವರದಿ ಮಾಡಿದರು. ‘ಯಾಪ್’ ಎಂದು ಹೆಸರಾದ ಈ ಗುರುತು ಆಫ್ರಿಕದ ಬಹುಸಂಖ್ಯ ಪುರುಷರಲ್ಲಿಯೂ ಜಪಾನಿನ ಅನೇಕ ಪುರುಷರಲ್ಲಿಯೂ ಕಂಡುಬಂದಿತು. ಮುಂದೆ ಟಿಬೆಟಿಯನ್ನರಲ್ಲಿಯೂ ಅದು ಹೇರಳವಾಗಿರುವುದು ತಿಳಿಯಿತು. ಯಾಪ್ ಗುರುತಿನ ಎರಡು ಮುಖ್ಯ ಶಾಖೆಗಳೇ ಮುಂದೆ ‘ಡಿ’ ಮತ್ತು ‘ಇ’ ಎನಿಸಿಕೊಂಡುವು. ‘ಇ’ ಪ್ರಧಾನವಾಗಿ ಆಫ್ರಿಕದ್ದು, ‘ಡಿ’ ಏಷ್ಯದ್ದು.

ಈ ಎರಡು ಶಾಖೆಗಳ ಸಮಾನ ಮೂಲಪುರುಷನು ಯಾವ ಖಂಡದವನು ಎಂಬ ವಿವಾದ ಸುಮಾರು ಎರಡು ದಶಕ ನಡೆಯಿತು. ಆತ ಏಷ್ಯದವನು, ಅವನ ಸಂತತಿಯ ಒಂದು ಭಾಗ ಆಫ್ರಿಕಕ್ಕೆ ಮರಳಿತು ಎಂದು 1998ರಲ್ಲಿ ಹ್ಯಾಮರ್ ಮತ್ತವರ ಸಹೋದ್ಯೋಗಿಗಳು ವಾದಿಸಿದ್ದರು. 2003ರಲ್ಲಿ ಡಿಗೂ ಇಗೂ ಸೇರದ, ಆದರೆ ಯಾಪ್ ಗುರುತಿರುವ ಅಪರೂಪದ ಕವಲೊಂದು ನೈಜೀರಿಯದ ಕೆಲವು ಪುರುಷರಲ್ಲಿ ಪತ್ತೆಯಾಯಿತು. 2019ರಲ್ಲಿ ಮಾರ್ಕ್ ಹೇಬರ್ ಮತ್ತವರ ತಂಡವು ಈ ಅಪರೂಪದ ಕವಲನ್ನು ಪೂರ್ಣವಾಗಿ ಓದಿ, ಅದು ಡಿ ಶಾಖೆಯ ಬುಡದಿಂದಲೇ ಸುಮಾರು 70 ಸಾವಿರ ವರ್ಷಗಳ ಹಿಂದೆ ಬೇರ್ಪಟ್ಟುದೆಂದು ತೋರಿಸಿತು. ಇದರಿಂದ ಡಿ ಮತ್ತು ಇ ಶಾಖೆಗಳ ಮೂಲವು ಆಫ್ರಿಕವೇ ಎಂಬ ಅಭಿಪ್ರಾಯಕ್ಕೆ ಹೆಚ್ಚಿನ ಬಲ ಬಂದಿದೆ.

ಏಷ್ಯದಲ್ಲಿ ಡಿ ವಂಶದ ಹಂಚಿಕೆ ವಿಚಿತ್ರವಾದುದು. ಟಿಬೆಟಿನ ಪುರುಷರಲ್ಲಿ ಸುಮಾರು ಅರ್ಧ, ಜಪಾನಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಇದರವರು. ಜಪಾನಿನ ಮೂಲನಿವಾಸಿಗಳಾದ ಐನು ಜನರಲ್ಲಿ ಪ್ರಮಾಣ ಇನ್ನೂ ಹೆಚ್ಚು. ಯುನ್ನಾನ್ ಪ್ರಾಂತದ ಪುಮಿ ಮೊದಲಾದ ಟಿಬೆಟೊ-ಬರ್ಮನ್ ಭಾಷಿಕರಲ್ಲಿಯೂ ಇದು ಗಣನೀಯವಾಗಿದೆ. 2003ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್, ಲಾಲ್ಜಿ ಸಿಂಗ್ ಮತ್ತು ಸಹೋದ್ಯೋಗಿಗಳು ಅಂಡಮಾನಿನ ಓಂಗೆ ಮತ್ತು ಜಾರವಾ ಪುರುಷರ ವೈ-ವರ್ಣತಂತುಗಳು ಡಿ ಗುಂಪಿಗೆ ಸೇರುತ್ತವೆಂದು ಪ್ರಕಟಿಸಿದರು. ಈ ನೆಲೆಗಳ ನಡುವಿನ ವಿಶಾಲ ಭೂಭಾಗದಲ್ಲಿ, ಅಂದರೆ ಭಾರತದ ಮುಖ್ಯಭೂಮಿಯಲ್ಲಿಯೂ ಪೂರ್ವ ಚೀನದ ಬಯಲಿನಲ್ಲಿಯೂ ಈ ವಂಶ ತೀರ ವಿರಳ.

ಈ ಹಂಚಿಕೆಯನ್ನು ಕಂಡೊಡನೆ ಟಿಬೆಟಿಯನ್ನರೂ ಅಂಡಮಾನಿನವರೂ ನಿಕಟ ಬಂಧುಗಳೆಂದು ತೀರ್ಮಾನಿಸಿದರೆ ಅದು ಸರಿಯಾಗದು. 2017ರಲ್ಲಿ ಮಯೂಖ್ ಮಂಡಲ್ ಮತ್ತವರ ತಂಡವು ನಡೆಸಿದ ಪೂರ್ಣ ಅನುಕ್ರಮ ಅಧ್ಯಯನದಂತೆ ಅಂಡಮಾನಿನ ಕವಲೂ ಜಪಾನಿನ ಕವಲೂ ಪರಸ್ಪರ ಬೇರ್ಪಟ್ಟದ್ದು ಸುಮಾರು 53 ಸಾವಿರ ವರ್ಷಗಳ ಹಿಂದೆ. ಟಿಬೆಟಿನ ಕವಲು ಅವೆರಡರ ಸಮಾನ ಕಾಂಡದಿಂದ ಅದಕ್ಕೂ ಮೊದಲೇ ಅಗಲಿತ್ತು. ಇಷ್ಟು ದೀರ್ಘಕಾಲದ ಹಿಂದೆ ಅಗಲಿದ ಸೋದರ ಸಂತತಿಗಳ ನಡುವೆ ಭಾಷೆ, ರೂಪ, ಸಂಸ್ಕೃತಿಗಳ ಸಾಮ್ಯವನ್ನು ಹುಡುಕುವುದು ವ್ಯರ್ಥ. ಒಂದು ಕಾಲಕ್ಕೆ ಪೂರ್ವ ಏಷ್ಯದಲ್ಲಿ ವ್ಯಾಪಕವಾಗಿ ಹರಡಿದ್ದ ಡಿ ವಂಶದವರು ನಂತರ ಬಂದ ಬೃಹತ್ ಜನವಿಸ್ತರಣೆಗಳ ಎದುರು ಹಿನ್ನೆಲೆಗೆ ಸರಿದರು, ಪ್ರಸ್ಥಭೂಮಿ ಮತ್ತು ದ್ವೀಪಗಳಂತಹ ಅಂಚಿನ ನೆಲೆಗಳಲ್ಲಿ ಮಾತ್ರ ಉಳಿದರು ಎಂಬುದು ವಿದ್ವಾಂಸರಲ್ಲಿ ಹೆಚ್ಚು ಮಾನ್ಯವಾಗಿರುವ ವಿವರಣೆ. 2008ರಲ್ಲಿ ಷಿ ಹಾಂಗ್ ಮತ್ತಿತರರು ಈ ವಂಶವು ಪೂರ್ವ ಏಷ್ಯವನ್ನು ಪ್ರವೇಶಿಸಿದ್ದು ಸುಮಾರು 60 ಸಾವಿರ ವರ್ಷಗಳ ಹಿಂದೆ ಎಂದು ಅಂದಾಜು ಮಾಡಿ ಇದೇ ನಿಲುವನ್ನು ಮಂಡಿಸಿದ್ದರು.

ಎರಡು ಪಿತೃವಂಶಗಳು ಮತ್ತು ಪುರಾತತ್ತ್ವದ ಸಾಕ್ಷ್ಯ

ಟಿಬೆಟಿಯನ್ನರೆಲ್ಲರೂ ಡಿ ವಂಶದವರಲ್ಲ. ಅವರಲ್ಲಿ ಎರಡನೆಯ ಪ್ರಬಲ ಪಿತೃವಂಶ ‘ಓ’, ವಿಶೇಷವಾಗಿ ‘ಎಂ117’ ಎಂಬ ಗುರುತುಳ್ಳ ಅದರ ಕವಲು. ಇದೇ ಕವಲು ಹಾನ್ ಚೀನೀಯರಲ್ಲಿಯೂ ಹಿಮಾಲಯದ ದಕ್ಷಿಣದ ಟಿಬೆಟೊ-ಬರ್ಮನ್ ಭಾಷಿಕರಲ್ಲಿಯೂ ಹರಡಿದೆ. 2000ದಲ್ಲಿ ಸು ಬಿಂಗ್ ಮತ್ತವರ ಸಂಗಡಿಗರು ಸುಮಾರು 10 ಸಾವಿರ ವರ್ಷಗಳ ಹಿಂದೆ ಹಳದಿ ನದಿಯ ಮೇಲ್ದಂಡೆ ಮತ್ತು ಮಧ್ಯಭಾಗದ ಬಯಲಿನಲ್ಲಿ ನೆಲೆಸಿದ್ದ ಜನರೇ ಚೀನೀ-ಟಿಬೆಟಿಯನ್ ಭಾಷಿಕರ ಪೂರ್ವಜರೆಂದು ಪ್ರತಿಪಾದಿಸಿದರು. 2013ರಲ್ಲಿ ಆರು ಸಾವಿರಕ್ಕೂ ಹೆಚ್ಚು ಟಿಬೆಟಿಯನ್ನರನ್ನು ಒಳಗೊಂಡ ಅಧ್ಯಯನದಲ್ಲಿ ಚೀ ಷ್ಯೂಬಿನ್ ಮತ್ತಿತರರು ಎರಡು ಹಂತಗಳ ಚಿತ್ರವನ್ನು ನೀಡಿದರು. ಮೊದಲ ಹಂತ ಹಳೆಯ ಶಿಲಾಯುಗದ ಕಾಲದ ಪ್ರವೇಶ, ಎರಡನೆಯದು ನವಶಿಲಾಯುಗದ ವಿಸ್ತರಣೆ. ಸ್ಥೂಲವಾಗಿ ಹೇಳುವುದಾದರೆ ಡಿ ವಂಶವು ಮೊದಲ ಹಂತದ ಸ್ಮಾರಕ, ಓ ವಂಶವು ಎರಡನೆಯದರ ಸ್ಮಾರಕ.

ಪುರಾತತ್ತ್ವವು ಈ ಚಿತ್ರವನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆ? ಲ್ಹಾಸಾದ ವಾಯವ್ಯಕ್ಕೆ ಚಾಂಗ್‌ತಾಂಗ್ ಪ್ರದೇಶದಲ್ಲಿ ಸಮುದ್ರಮಟ್ಟದಿಂದ ಸುಮಾರು 4,600 ಮೀಟರ್ ಎತ್ತರದಲ್ಲಿರುವ ನ್ವ್ಯಾ ದೇವು ನೆಲೆಯಲ್ಲಿ 40 ರಿಂದ 30 ಸಾವಿರ ವರ್ಷಗಳಷ್ಟು ಹಳೆಯ ಕಲ್ಲಿನ ಉಪಕರಣಗಳು ದೊರೆತಿರುವುದಾಗಿ 2018ರಲ್ಲಿ ಪ್ರಕಟವಾಯಿತು. ಹೀಗೆ ಮನುಷ್ಯನು ಹಿಮಯುಗದ ತುತ್ತತುದಿಗೆ ಮೊದಲೇ ಪ್ರಸ್ಥಭೂಮಿಯನ್ನೇರಿದ್ದು ಖಚಿತ. ಆದರೆ ಉಪಕರಣಗಳನ್ನು ಮಾಡಿದವರು ಡಿ ವಂಶದವರೇ ಎಂಬುದನ್ನು ಕಲ್ಲು ಹೇಳಲಾರದು. ಅವರು ಅಲ್ಲಿಯೇ ನೆಲೆನಿಂತರೋ ಋತುಮಾನಕ್ಕೆ ಬಂದು ಹೋಗುತ್ತಿದ್ದರೋ ಎಂಬುದೂ ಬೇರೆ ಪ್ರಶ್ನೆ.

ಎರಡನೆಯ ಹಂತದ ಸಾಕ್ಷ್ಯ ಹೆಚ್ಚು ಗಟ್ಟಿಯಾದುದು. ಚೆನ್ ಫಾಹು ಮತ್ತವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ನವಣೆ ಮತ್ತು ಬರಗನ್ನು ಬೆಳೆಯುತ್ತಿದ್ದ ರೈತರು ಸುಮಾರು 5,200 ವರ್ಷಗಳ ಹಿಂದೆ ಪ್ರಸ್ಥಭೂಮಿಯ ಈಶಾನ್ಯ ಅಂಚಿನಲ್ಲಿ 2,500 ಮೀಟರ್ ಎತ್ತರದವರೆಗೆ ನೆಲೆಸಿದ್ದರು. ಈ ಧಾನ್ಯಗಳು ಹಿಮಪಾತವನ್ನು ತಾಳಲಾರದ ಕಾರಣ ಅವರು ಇನ್ನೂ ಮೇಲೇರಲಿಲ್ಲ. ಪಶ್ಚಿಮ ಏಷ್ಯದಿಂದ ಬಂದ ಜವೆಗೋಧಿ ಮತ್ತು ಕುರಿಸಾಕಣೆ ಕೈಗೆ ಸಿಕ್ಕಮೇಲೆ, ಅಂದರೆ ಸುಮಾರು 3,600 ವರ್ಷಗಳ ಹಿಂದಿನಿಂದ, 3,000 ಮೀಟರ್‌ಗೂ ಮೇಲೆ ವರ್ಷಪೂರ್ತಿ ನೆಲೆಸುವ ಊರುಗಳು ಹರಡಿದುವು. ಚೀನದ ಧಾನ್ಯದಿಂದ ಆರಂಭವಾದ ಆರೋಹಣವು ಪಶ್ಚಿಮದ ಧಾನ್ಯದಿಂದ ಪೂರ್ಣಗೊಂಡಿತೆಂಬುದು ಇಲ್ಲಿಯ ಸ್ವಾರಸ್ಯ. ಜವೆಗೋಧಿಯ ಹಿಟ್ಟಾದ ‘ತ್ಸಂಪ’ ಟಿಬೆಟಿಯನ್ನರ ಅನನ್ಯತೆಯ ಕುರುಹಾಗಿ ಬೆಳೆದುದಕ್ಕೆ ಹೀಗೊಂದು ಆಳವಾದ ಹಿನ್ನೆಲೆಯಿದೆ.

ಭಾಷಾಶಾಸ್ತ್ರದ ಸಾಕ್ಷ್ಯವೂ ಇದೇ ದಿಕ್ಕಿನಲ್ಲಿದೆ. 2019ರಲ್ಲಿ ಎರಡು ಪ್ರತ್ಯೇಕ ತಂಡಗಳು ಚೀನೀ-ಟಿಬೆಟಿಯನ್ ಭಾಷಾಕುಟುಂಬದ ಮೂಲವನ್ನು ಉತ್ತರ ಚೀನದಲ್ಲಿ ಗುರುತಿಸಿದುವು. ಒಂದು ತಂಡ ಅದರ ಕಾಲವನ್ನು ಸುಮಾರು 5,900 ವರ್ಷಗಳೆಂದರೆ ಮತ್ತೊಂದು ಸುಮಾರು 7,200 ವರ್ಷಗಳೆಂದಿತು. ಆದರೆ ಭಾಷೆ ಮತ್ತು ಪಿತೃವಂಶ ಯಾವಾಗಲೂ ಜೊತೆಯಾಗಿ ಸಾಗುವುದಿಲ್ಲ. ನೇಪಾಳದ ತಮಾಂಗ್ ಜನರು ಟಿಬೆಟಿಯನ್ ಭಾಷೆಗೆ ಸಮೀಪದ ಭಾಷೆಯನ್ನಾಡುತ್ತಾರೆ. ಅವರಲ್ಲಿ ಓ ವಂಶವೇ ಪ್ರಬಲ, ಡಿ ವಂಶ ನಗಣ್ಯ. ಇತ್ತ ಡಿ ವಂಶದ ಜಪಾನೀಯರು ಮತ್ತು ಅಂಡಮಾನಿನವರು ಈ ಭಾಷಾಕುಟುಂಬಕ್ಕೆ ಸೇರಿದವರೇ ಅಲ್ಲ. ಟಿಬೆಟಿನ ಹಳೆಯ ನಿವಾಸಿಗಳಾದ ಡಿ ವಂಶದವರು ಯಾವುದೋ ಹಂತದಲ್ಲಿ ಕೃಷಿಕರ ಭಾಷೆಯನ್ನು ಸ್ವೀಕರಿಸಿದರೆಂದು ಊಹಿಸಲು ಇದು ಎಡೆಮಾಡಿಕೊಡುತ್ತದೆ. ಅವರ ಮೊದಲ ಭಾಷೆ ಯಾವುದೆಂಬುದಕ್ಕೆ ಈ ಆಕರದಲ್ಲಿ ಉತ್ತರವಿಲ್ಲ.

ಕಾಲನಿರ್ಣಯದ ಸಮಸ್ಯೆ

ಮೇಲೆ ಉಲ್ಲೇಖಿಸಿದ ತಳಿವೈಜ್ಞಾನಿಕ ಕಾಲಮಾನಗಳನ್ನು ಶಾಸನದ ತೇದಿಯಂತೆ ಗ್ರಹಿಸಲಾಗದು. ಅವು ಬದಲಾವಣೆಯ ವೇಗದ ಲೆಕ್ಕಾಚಾರವನ್ನು ಅವಲಂಬಿಸಿವೆ. 2000ದ ದಶಕದ ಅಧ್ಯಯನಗಳು ವೈ-ವರ್ಣತಂತುವಿನ ಪುನರಾವರ್ತಿತ ತುಣುಕುಗಳನ್ನು ಎಣಿಸಿ ಕಾಲವನ್ನು ಅಳೆಯುತ್ತಿದ್ದುವು. ಅದಕ್ಕೆ ಬಳಕೆಯಲ್ಲಿದ್ದ ಎರಡು ವೇಗಗಳ ನಡುವೆ ಸುಮಾರು ಮೂರು ಪಟ್ಟು ಅಂತರವಿತ್ತು. ಒಂದೇ ಮಾಹಿತಿಯಿಂದ 10 ಸಾವಿರ ವರ್ಷವೂ ಬರಬಹುದು, 30 ಸಾವಿರ ವರ್ಷವೂ ಬರಬಹುದು ಎಂದರೆ ನವಶಿಲಾಯುಗ, ಹಳೆಯ ಶಿಲಾಯುಗಗಳ ಭೇದವೇ ಅಳಿಸಿಹೋಗುತ್ತದೆ. ಪೂರ್ಣ ಅನುಕ್ರಮದ ಓದು ಸಾಧ್ಯವಾದ ಮೇಲೆ ಈ ಅನಿಶ್ಚಿತತೆ ತಗ್ಗಿದೆಯೇ ಹೊರತು ನಿವಾರಣೆಯಾಗಿಲ್ಲ.

ಇದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 2010ರಲ್ಲಿ ಪ್ರಕಟವಾದ, 50 ಟಿಬೆಟಿಯನ್ನರ ವಂಶವಾಹಿಗಳನ್ನು ಆಧರಿಸಿದ ಅಧ್ಯಯನವು ಟಿಬೆಟಿಯನ್ನರೂ ಹಾನ್ ಚೀನೀಯರೂ ಅಗಲಿದ್ದು ಕೇವಲ 2,750 ವರ್ಷಗಳ ಹಿಂದೆ ಎಂದು ಅಂದಾಜಿಸಿತು. ಅದಕ್ಕೂ ಬಹು ಹಿಂದಿನ ನೆಲೆಗಳನ್ನು ಅಗೆದಿದ್ದ ಪುರಾತತ್ತ್ವಜ್ಞರು ಇದನ್ನು ಒಪ್ಪಲಿಲ್ಲ. 2016ರಲ್ಲಿ ಪೂರ್ಣ ಜೀನೋಮುಗಳನ್ನು ಬಳಸಿದ ಮತ್ತೊಂದು ಅಧ್ಯಯನವು ಈ ಅಗಲಿಕೆಯನ್ನು 15 ರಿಂದ 9 ಸಾವಿರ ವರ್ಷಗಳಷ್ಟು ಹಿಂದಕ್ಕೆ ಒಯ್ದಿತು. ಪ್ರಯೋಗಾಲಯದ ಅಂಕಿಯ ಎದುರು ಉತ್ಖನನದ ಸಾಕ್ಷ್ಯವು ತಲೆತಗ್ಗಿಸಬೇಕಿಲ್ಲವೆಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು. ಪ್ರಾಚೀನ ಎಲುಬುಗಳ ನೇರ ಅಧ್ಯಯನವು ಈಗ ಈ ಅಂತರವನ್ನು ತುಂಬತೊಡಗಿದೆ. ನೇಪಾಳದ ಮುಸ್ತಾಂಗ್ ಪ್ರದೇಶದ ಸಮಾಧಿಗಳಿಂದ 2016ರಲ್ಲಿಯೂ, ಪ್ರಸ್ಥಭೂಮಿಯ ಅನೇಕ ನೆಲೆಗಳಿಂದ 2023ರಲ್ಲಿಯೂ ಪ್ರಕಟವಾದ ಪ್ರಾಚೀನ ಜೀನೋಮುಗಳು ಇಂದಿನ ಟಿಬೆಟಿಯನ್ನರಿಗೆ ವಿಶಿಷ್ಟವಾದ ತಳಿಲಕ್ಷಣವು ಕನಿಷ್ಠ 5,100 ವರ್ಷಗಳಿಂದ ಅಲ್ಲಿ ನೆಲೆಗೊಂಡಿದೆಯೆಂದು ಸೂಚಿಸುತ್ತವೆ.

ಪಿತೃವಂಶವು ಹೇಳದಿರುವ ಸಂಗತಿಗಳು

ವೈ-ವರ್ಣತಂತುವಿನ ಮುಖ್ಯ ಮಿತಿಯು ಅದರ ಗುಣದಲ್ಲಿಯೇ ಅಡಗಿದೆ. ಹತ್ತು ತಲೆಮಾರುಗಳ ಹಿಂದಕ್ಕೆ ಹೋದರೆ ಲೆಕ್ಕದಲ್ಲಿ ಒಬ್ಬ ವ್ಯಕ್ತಿಗೆ 1,024 ಪೂರ್ವಜರು. ವೈ-ವರ್ಣತಂತು ಅವರಲ್ಲಿ ಒಬ್ಬನನ್ನು ಮಾತ್ರ ಬಲ್ಲುದು. ಉಳಿದ 1,023 ಮಂದಿಯ ಬಗೆಗೆ, ಅವರಲ್ಲಿ ಅರ್ಧದಷ್ಟಿರುವ ಎಲ್ಲ ಸ್ತ್ರೀಯರ ಬಗೆಗೆ, ಅದು ಮೌನವಾಗಿದೆ.

ಈ ಮೌನ ಎಷ್ಟು ದೊಡ್ಡದೆಂಬುದಕ್ಕೆ ಟಿಬೆಟಿಯನ್ನರ ಎತ್ತರದ ಬದುಕೇ ಸಾಕ್ಷಿ. ತೆಳುವಾದ ಗಾಳಿಯಲ್ಲಿಯೂ ರಕ್ತ ಅತಿಯಾಗಿ ಗಟ್ಟಿಯಾಗದಂತೆ ಕಾಯುವ ‘ಇಪಿಎಎಸ್1’ ಎಂಬ ವಂಶವಾಹಿಯ ವಿಶಿಷ್ಟ ರೂಪವನ್ನು 2010ರಲ್ಲಿ ಗುರುತಿಸಲಾಯಿತು. ಅದು ಡೆನಿಸೋವನ್ ಎಂಬ ಅಳಿದುಹೋದ ಮಾನವ ಪ್ರಭೇದದಿಂದ ಬಂದುದೆಂದು 2014ರಲ್ಲಿ ಎಮಿಲಿಯಾ ವೆರ್ತಾ-ಸಾಂಚೆಜ್ ಮತ್ತಿತರರು ತೋರಿಸಿದರು. ಗಾನ್ಸು ಪ್ರಾಂತದ ಬೈಷಿಯಾ ಗುಹೆಯಲ್ಲಿ 1980ರಲ್ಲಿ ಬೌದ್ಧ ಭಿಕ್ಷುವೊಬ್ಬರಿಗೆ ದೊರೆತ ದವಡೆಯೆಲುಬು ಡೆನಿಸೋವನ್ನರದೆಂದೂ ಕನಿಷ್ಠ 1,60,000 ವರ್ಷ ಹಳೆಯದೆಂದೂ 2019ರಲ್ಲಿ ಪ್ರಕಟವಾಯಿತು. ಆಧುನಿಕ ಮಾನವರಿಗಿಂತ ಬಹು ಮೊದಲೇ ಪ್ರಸ್ಥಭೂಮಿಯನ್ನೇರಿದ್ದ ಈ ಪೂರ್ವಜರು ಕೊಟ್ಟ ವಂಶವಾಹಿಯು ಟಿಬೆಟಿಯನ್ನರ ಉಳಿವಿಗೆ ಆಧಾರವಾಗಿದೆ. ಆದರೆ ಅದು ಇರುವುದು ಎರಡನೆಯ ವರ್ಣತಂತುವಿನಲ್ಲಿ. ಡೆನಿಸೋವನ್ ಪುರುಷರ ವೈ-ವರ್ಣತಂತು ಇಂದಿನ ಯಾವ ಮನುಷ್ಯನಲ್ಲಿಯೂ ಕಂಡುಬಂದಿಲ್ಲ. ಡಿ ವಂಶಕ್ಕೆ ಸೇರಿದ ಮಾತ್ರಕ್ಕೆ ಯಾರಿಗೂ ಎತ್ತರವನ್ನು ತಾಳುವ ಶಕ್ತಿ ಬರುವುದಿಲ್ಲ. ಆ ಶಕ್ತಿಯು ಡಿ, ಓ ಎಂಬ ಭೇದವಿಲ್ಲದೆ ಪುರುಷರಿಗೂ ಸ್ತ್ರೀಯರಿಗೂ ಸಮಾನವಾಗಿ ಬಂದಿದೆ.

ಸಾಮಾಜಿಕ ಪದ್ಧತಿಗಳೂ ವೈ-ವರ್ಣತಂತುವಿನ ಹಂಚಿಕೆಯನ್ನು ರೂಪಿಸಿವೆ. ಮೆಲ್ವಿನ್ ಗೋಲ್ಡ್‌ಸ್ಟೈನ್ ವಿವರವಾಗಿ ಅಧ್ಯಯನ ಮಾಡಿರುವ ಭ್ರಾತೃ ಬಹುಪತಿತ್ವದಲ್ಲಿ ಅಣ್ಣತಮ್ಮಂದಿರು ಒಬ್ಬಳೇ ಹೆಂಡತಿಯೊಡನೆ ಬಾಳುವುದರ ಮುಖ್ಯ ಉದ್ದೇಶ ಹಿಡುವಳಿ ಒಡೆಯದಂತೆ ನೋಡಿಕೊಳ್ಳುವುದು. ಆ ಸಹೋದರರೆಲ್ಲರ ವೈ-ವರ್ಣತಂತುವೂ ಒಂದೇ ಆದ್ದರಿಂದ ಮಗುವಿನ ತಂದೆ ಅವರಲ್ಲಿ ಯಾರೆಂಬ ಪ್ರಶ್ನೆಗೆ ಈ ಆಕರದಲ್ಲಿ ಅರ್ಥವಿಲ್ಲ. ಅನೇಕ ಗಂಡುಮಕ್ಕಳು ಮಠ ಸೇರಿ ಬ್ರಹ್ಮಚಾರಿಗಳಾಗುತ್ತಿದ್ದುದೂ ಸಂತತಿಯ ಹಂಚಿಕೆಯ ಮೇಲೆ ಪರಿಣಾಮ ಬೀರಿದೆ. ಗಾನ್ಸುವಿನ ಅಮ್ದೊ ಟಿಬೆಟಿಯನ್ನರಲ್ಲಿ ಸೋದರನೊಬ್ಬ ಭಿಕ್ಷುವಾಗಿರುವ ಪುರುಷರಿಗೆ ಹೆಚ್ಚು ಮಕ್ಕಳಿರುವುದನ್ನು ರೂತ್ ಮೇಸ್ ಮತ್ತವರ ಸಂಗಡಿಗರು 2022ರಲ್ಲಿ ತೋರಿಸಿದ್ದಾರೆ. ಹೀಗಾಗಿ ಒಂದು ವಂಶಗುಂಪಿನ ಇಂದಿನ ಪ್ರಮಾಣವನ್ನು ನೇರವಾಗಿ ಪ್ರಾಚೀನ ವಲಸೆಗಳ ಗಾತ್ರವೆಂದು ಓದಲಾಗದು. ಅದರಲ್ಲಿ ವಲಸೆಯೊಂದಿಗೆ ಹೊಲ, ಮನೆ, ಮಠಗಳ ಇತಿಹಾಸವೂ ಬೆರೆತಿದೆ.

ಇನ್ನೂ ಗಂಭೀರವಾದುದು ಈ ಸಾಕ್ಷ್ಯದ ರಾಜಕೀಯ ಬಳಕೆ. ಓ ವಂಶವನ್ನು ಮುಂದಿಟ್ಟು ಟಿಬೆಟಿಯನ್ನರೂ ಹಾನ್ ಚೀನೀಯರೂ ಒಂದೇ ಮೂಲದವರು, ಆದ್ದರಿಂದ ಒಂದೇ ರಾಷ್ಟ್ರದವರು ಎಂದು ವಾದಿಸಬಹುದು. ಡಿ ವಂಶವನ್ನು ಮುಂದಿಟ್ಟು ಅವರು ಅನಾದಿಕಾಲದಿಂದ ಪ್ರತ್ಯೇಕ ಜನ, ಆದ್ದರಿಂದ ಪ್ರತ್ಯೇಕ ರಾಷ್ಟ್ರ ಎಂದೂ ವಾದಿಸಬಹುದು. ಒಂದೇ ಸಮೀಕ್ಷೆಯ ಒಂದೇ ಕೋಷ್ಟಕದಿಂದ ಎರಡು ವಿರುದ್ಧ ತೀರ್ಮಾನಗಳು ಹೊರಡುತ್ತವೆಂದರೆ ಆ ತೀರ್ಮಾನಗಳು ಕೋಷ್ಟಕದಲ್ಲಿ ಇಲ್ಲವೆಂದೇ ಅರ್ಥ. ಒಂದೇ ಹಳ್ಳಿಯ, ಒಂದೇ ಭಾಷೆಯ, ಒಂದೇ ಧರ್ಮದ ಇಬ್ಬರು ಟಿಬೆಟಿಯನ್ನರಲ್ಲಿ ಒಬ್ಬನು ಡಿ ವಂಶದವನೂ ಮತ್ತೊಬ್ಬನು ಓ ವಂಶದವನೂ ಆಗಿರಬಹುದು. ಅವರಲ್ಲಿ ಒಬ್ಬನು ಹೆಚ್ಚು ಟಿಬೆಟಿಯನ್ನನು, ಮತ್ತೊಬ್ಬನು ಕಡಿಮೆ ಎಂದು ಹೇಳಲು ಆಧಾರವಿಲ್ಲ. ರಾಷ್ಟ್ರಗಳ ಹಕ್ಕು ಒಪ್ಪಂದ, ಆಡಳಿತ, ಜನರ ಇಚ್ಛೆ ಇವುಗಳಿಂದ ನಿರ್ಧಾರವಾಗಬೇಕಾದುದು. ವಾನರ ಮತ್ತು ರಾಕ್ಷಸಿಯ ಕಥೆಯನ್ನು ರಾಜವಂಶದ ಸಮರ್ಥನೆಗೆ ಬಳಸಿಕೊಂಡ ಮಧ್ಯಯುಗದ ಪದ್ಧತಿಯು ಪ್ರಯೋಗಾಲಯದ ಭಾಷೆಯಲ್ಲಿ ಮರುಕಳಿಸದಂತೆ ಎಚ್ಚರ ವಹಿಸುವುದು ಇತಿಹಾಸಕಾರನ ಹೊಣೆ. ಆರ್ಯ-ದ್ರಾವಿಡ ಪ್ರಶ್ನೆಯಲ್ಲಿ ಇಂಥದೇ ಬಳಕೆಗಳನ್ನು ಕಾಣುತ್ತಿರುವ ಭಾರತೀಯ ಸಂಶೋಧಕರಿಗೆ ಈ ಎಚ್ಚರದ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಡಿ ವಂಶವು ಪೂರ್ವ ಏಷ್ಯದ ಅತಿ ಪ್ರಾಚೀನ ಪಿತೃವಂಶಗಳಲ್ಲಿ ಒಂದು. ಟಿಬೆಟಿನಲ್ಲಿ ಅದರ ಪ್ರಾಬಲ್ಯವು ಕೃಷಿಪೂರ್ವ ಜನರ ಸಂತತಿ ಅಳಿಯದೆ ಉಳಿದುದಕ್ಕೆ ಪ್ರಬಲ ಸೂಚನೆ. ಎರಡನೆಯದಾಗಿ, ಟಿಬೆಟಿಯನ್ನರು ಒಂದೇ ಎಲುಬಿನ ಜನರಲ್ಲ. ಹಳೆಯ ಬೇಟೆಗಾರರು ಮತ್ತು ಹಳದಿ ನದಿಯ ಕಡೆಯಿಂದ ಬಂದ ಕೃಷಿಕರು ಬೆರೆತು ಆ ಸಮುದಾಯ ರೂಪುಗೊಂಡಿದೆ. ನಾಲ್ಕು ಅಥವಾ ಆರು ಮೂಲಕುಲಗಳ ಐತಿಹ್ಯವೂ ಬಹುತ್ವವನ್ನು ಒಪ್ಪಿಕೊಂಡೇ ಆರಂಭವಾಗುತ್ತದೆಂಬುದು ಗಮನಿಸತಕ್ಕ ಸಂಗತಿ. ಮೂರನೆಯದಾಗಿ, ವೈ-ವರ್ಣತಂತುವಿನ ಸಾಕ್ಷ್ಯವನ್ನು ಪುರಾತತ್ತ್ವ, ಭಾಷೆ, ಬಂಧುತ್ವ ಪದ್ಧತಿಗಳ ಜೊತೆಗಿಟ್ಟು ಓದಿದಾಗ ಮಾತ್ರ ಅದು ಇತಿಹಾಸದ ಆಕರವಾಗುತ್ತದೆ.

ಈ ವಿಷಯಕ್ಕೆ ಕರ್ನಾಟಕದೊಡನೆ ಸಂಬಂಧವಿಲ್ಲದೆ ಇಲ್ಲ. ರಾಜ್ಯ ಸರ್ಕಾರ ನೀಡಿದ ಭೂಮಿಯಲ್ಲಿ ಬೈಲಕುಪ್ಪೆಯ ನೆಲೆ 1960ರ ದಶಕದ ಆರಂಭದಲ್ಲಿ ತಲೆಯೆತ್ತಿತು. ಮುಂದಿನ ವರ್ಷಗಳಲ್ಲಿ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ಟಿಬೆಟಿಯನ್ನರ ವಸತಿಗಳಾದುವು. ಊ-ತ್ಸಾಂಗ್, ಖಾಂ, ಅಮ್ದೊ ಎಂಬ ಮೂರು ಸೀಮೆಗಳಿಂದ ಬಂದವರು ಇಲ್ಲಿ ನೆರೆಹೊರೆಯವರಾದರು. ಹಿರಿಯರ ನೆನಪಿನಲ್ಲಿ ಉಳಿದಿರುವ ಕುಲದ ಹೆಸರು, ಮನೆಯ ಹೆಸರು, ವಿವಾಹ ಸಂಬಂಧಗಳ ವಿವರಗಳು ಅವರೊಡನೆಯೇ ಮರೆಯಾಗುವ ಹಂತದಲ್ಲಿವೆ. ರಕ್ತದ ಮಾದರಿಯನ್ನು ನಾಳೆಯೂ ಸಂಗ್ರಹಿಸಬಹುದು, ಅದಕ್ಕೆ ಕೊಡುವವರ ತಿಳಿದ ಒಪ್ಪಿಗೆ ಬೇಕು ಅಷ್ಟೆ. ಈ ಮೌಖಿಕ ಮಾಹಿತಿಯನ್ನು ನಾಳೆ ಸಂಗ್ರಹಿಸಲಾಗದು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಮಾನವಶಾಸ್ತ್ರ ವಿಭಾಗಗಳು, ಆ ಸಮುದಾಯದ ಸಹಭಾಗಿತ್ವದಲ್ಲಿ, ಈ ಕಾರ್ಯಕ್ಕೆ ತೊಡಗುವುದು ಅಪೇಕ್ಷಣೀಯ. ಪಿತೃವಂಶದ ಗುರುತು ಒಬ್ಬ ಮೂಲಪುರುಷನತ್ತ ಬೊಟ್ಟು ಮಾಡಿದರೆ, ಅವನ ಸಂತತಿಯು ಯಾರೊಡನೆ ಬಾಳಿತು, ಯಾವ ಹೆಸರಿನಿಂದ ತನ್ನನ್ನು ಕರೆದುಕೊಂಡಿತು ಎಂಬುದನ್ನು ತಿಳಿಯಲು ಆ ಮೌಖಿಕ ಆಕರಗಳೇ ಆಧಾರ.